ಗ್ಲಾಬ್ಯುಲಿನ್ 1.3: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹದಿನಾರು ವರ್ಷದಿಂದ ರಕ್ತ ತೆಗೆದು, ಮೆಷಿನ್ನಿಗೆ ಹಾಕಿ, ಪ್ರಿಂಟ್ ತೆಗೆದು, ಕವರಿನಲ್ಲಿಟ್ಟು ಕೊಡುವ ಕೆಲಸ. ಈ ಪತ್ರ ಅಂಥ ಒಂದು ಪ್ರಿಂಟಿನ ಬಗ್ಗೆ. 2021ರ ಆಗಸ್ಟ್ ತಿಂಗಳದ್ದು. ಎಲ್‌ಎಫ್‌ಟಿ, ಅಂದರೆ ಲಿವರ್ ಟೆಸ್ಟ್. ಹುಡುಗನ ಕಣ್ಣು ಹಳದಿಯಾಗಿತ್ತು. ಬಿಲಿರುಬಿನ್ 4.8 ಬಂತು, ಎಲ್ಲರೂ ಅದನ್ನೇ ನೋಡಿದರು. ಅದರ ಕೆಳಗೆ ಟೋಟಲ್ ಪ್ರೋಟೀನ್ 5.4, ಆಲ್ಬುಮಿನ್ 4.1, ಗ್ಲಾಬ್ಯುಲಿನ್ 1.3 ಅಂತ ಮೂರು ಸಾಲು ಇತ್ತು. 1.3ರ ಪಕ್ಕದಲ್ಲಿ ‘ಎಲ್’ ಅಂತ ದಪ್ಪಕ್ಷರ. ಲೋ, ಕಮ್ಮಿ ಅಂತ. ಡಾಕ್ಟರು ನೋಡಲಿಲ್ಲ. ಪ್ರಿಂಟ್ ತೆಗೆದವನೂ ನೋಡಲಿಲ್ಲ. ಪ್ರಿಂಟ್ ತೆಗೆದವನು ನಾನು. ಹುಡುಗ ನನ್ನ ಮಗ.

ಹಾಗಾಗಿ ಇದು ದೂರಿನ ಪತ್ರ ಅಲ್ಲ. ದೂರು ಹೇಳುವುದಿದ್ದರೆ ಮೊದಲು ನನ್ನ ಮೇಲೇ ಹೇಳಿಕೊಳ್ಳಬೇಕು. ನಿಮ್ಮ ಇಲಾಖೆಯಿಂದ ಕೇಳುವುದೊಂದಿದೆ. ಅದಕ್ಕೆ ಮುಂಚೆ ನಡೆದದ್ದು ಹೇಳಿಬಿಡುತ್ತೇನೆ.

2019ರ ಜುಲೈ. ಮಗನಿಗೆ ಐದು ವರ್ಷ. ಸ್ನಾನ ಮಾಡಿಸುತ್ತಿದ್ದ ನನ್ನ ಹೆಂಡತಿ ಕೂಗಿ ಕರೆದಳು. ಅವನ ಮೊಣಕಾಲಿನ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ಬೆರಳಲ್ಲಿ ಒತ್ತಿದರೂ ಮಾಯವಾಗುತ್ತಿರಲಿಲ್ಲ. ಲ್ಯಾಬಿಗೆ ಎತ್ತಿಕೊಂಡು ಹೋಗಿ ನಾನೇ ರಕ್ತ ತೆಗೆದೆ. ಪ್ಲೇಟ್‌ಲೆಟ್ 11 ಸಾವಿರ. ಒಂದೂವರೆ ಲಕ್ಷದ ಮೇಲೆ ಇರಬೇಕಾದದ್ದು. ಮೆಷಿನ್ ಎಡವಟ್ಟು ಮಾಡಿದೆ ಅಂದುಕೊಂಡು ಇನ್ನೊಂದು ಸಲ ಓಡಿಸಿದೆ. 10 ಸಾವಿರ ತೋರಿಸಿತು. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎಷ್ಟು ಸರಿಸಿದರೂ ಪ್ಲೇಟ್‌ಲೆಟ್ ಕಣ್ಣಿಗೆ ಬೀಳಲೊಲ್ಲದು. ಬೇರೆಯವರ ಮಕ್ಕಳ ಸ್ಲೈಡ್ ಸಾವಿರ ನೋಡಿದ್ದೇನೆ. ಅವತ್ತು ಮಾತ್ರ ಫೋಕಸ್ ತಿರುಗಿಸುವ ಕೈ ನಿಲ್ಲಲಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಡೆಂಗಿ. ಬೇರೆ ಮಾತೇ ಇಲ್ಲ. ಟೆಸ್ಟ್ ನೆಗೆಟಿವ್ ಬಂದರೂ ನಮ್ಮಮ್ಮ ಮೂರು ದಿನ ಪರಂಗಿ ಎಲೆ ಅರೆದು ರಸ ಕುಡಿಸಿದರು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಐಟಿಪಿ ಅಂದರು. ರೋಗಾಣುವಿಗೆ ಅಂಟಬೇಕಾದ ಆ್ಯಂಟಿಬಾಡಿ ಅನ್ನುವ ಪ್ರೋಟೀನನ್ನು ಮೈಯೇ ತನ್ನ ಪ್ಲೇಟ್‌ಲೆಟ್ ಮೇಲೆ ಅಂಟಿಸುತ್ತದೆ, ಗುಲ್ಮ ಅವನ್ನು ಹಿಡಿದು ನುಂಗುತ್ತದೆ. ಜಾಸ್ತಿ ಮಕ್ಕಳಿಗೆ ಆರು ತಿಂಗಳು, ವರ್ಷದೊಳಗೆ ತಾನಾಗೇ ಸರಿಹೋಗುತ್ತದೆ ಅಂದರು. ಆ ಮಾತು ನಿಜ. ಐಟಿಪಿ ಬಂದ ಮಗುವಿಗೆಲ್ಲ ಹಿಂದೆ ಇನ್ನೇನೋ ಇದೆ ಅಂತ ಹೆದರಿಸುವುದಕ್ಕೆ ನಾನು ಬರೆಯುತ್ತಿಲ್ಲ. ನನ್ನ ಮಗನಿಗೂ ಸ್ಟೀರಾಯ್ಡ್ ಕೊಟ್ಟ ಮೇಲೆ ಪ್ಲೇಟ್‌ಲೆಟ್ ಏರಿತು. ಬೇಗ ನಿಲ್ಲಿಸಿಯೂ ಬಿಟ್ಟರು.

2020ರಲ್ಲಿ ಕಿವಿ ಸೋರಲು ಶುರುವಾಯಿತು. ಎರಡು ಸಲ ನ್ಯುಮೋನಿಯಾ. ಕೋವಿಡ್ ಕಾಲ ಬೇರೆ. ಕಿವಿಗೆ ಒಬ್ಬ ಡಾಕ್ಟರು, ಎದೆಗೆ ಒಬ್ಬರು, ರಕ್ತಕ್ಕೆ ಇನ್ನೊಬ್ಬರು. ಹುಡುಗನಿಗೆ ಇಮ್ಯೂನಿಟಿ ಕಮ್ಮಿ ಅಂತ ನೆಂಟರೆಲ್ಲ ಅಮೃತಬಳ್ಳಿ ಕಷಾಯ ಮಾಡಿಕೊಟ್ಟರು. ತಮಾಷೆ ಅಂದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು.

ಮಾರನೇ ವರ್ಷ ಆಗಸ್ಟಿನಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹಿಮೋಗ್ಲೋಬಿನ್ 5.2. ಈ ಸಲ ಮೈ ತನ್ನ ಕೆಂಪು ರಕ್ತಕಣವನ್ನೇ ಒಡೆಯುತ್ತಿತ್ತು. ಕೆಂಪು ಕಣಕ್ಕೆ ಆ್ಯಂಟಿಬಾಡಿ ಅಂಟಿದೆಯಾ ಅಂತ ನೋಡುವ ಕೂಂಬ್ಸ್ ಟೆಸ್ಟ್ ಪಾಸಿಟಿವ್. ಪ್ಲೇಟ್‌ಲೆಟ್ಟೂ ಹೋಗಿ ಕೆಂಪು ಕಣವೂ ಹೋದರೆ ಅದಕ್ಕೆ ಇವಾನ್ಸ್ ಸಿಂಡ್ರೋಮ್ ಅಂತ ಹೆಸರು. 1951ರಲ್ಲಿ ರಾಬರ್ಟ್ ಇವಾನ್ಸ್ ಅನ್ನುವ ಡಾಕ್ಟರು ಬರೆದದ್ದರಿಂದ ಆ ಹೆಸರು ಬಂತು. ಮತ್ತೆ ಸ್ಟೀರಾಯ್ಡ್. ಮುಖ ಊದಿ ಬನ್ನಿನ ಹಾಗಾಯಿತು. ಕ್ಲಾಸಿನ ಹುಡುಗರು ಹಾಗೇ ಕರೆದರು ಕೂಡ. ಅದಕ್ಕೂ ಬಗ್ಗದಿದ್ದಾಗ ರಿಟುಕ್ಸಿಮ್ಯಾಬ್ ಕೊಟ್ಟರು. ಆ್ಯಂಟಿಬಾಡಿ ಮಾಡುವ ಬಿ ಕಣಗಳನ್ನೇ ತೆಗೆದುಹಾಕುವ ಔಷಧಿ ಅದು. ಇಮ್ಯೂನಿಟಿ ಜಾಸ್ತಿಯಾಗಿದೆ, ತಗ್ಗಿಸಬೇಕು ಅನ್ನುವುದು ಲೆಕ್ಕ.

ಇಲ್ಲೇ ಎಲ್ಲರೂ ಎಡವುವುದು. ಈಗಲೂ ಯಾರಿಗಾದರೂ ಹೇಳಿದರೆ ಕೇಳುತ್ತಾರೆ: ಅಲ್ಲಾ ಸ್ವಾಮಿ, ಒಂದು ಕಡೆ ಇಮ್ಯೂನಿಟಿ ಇಲ್ಲ ಅಂತೀರಿ, ಇನ್ನೊಂದು ಕಡೆ ಇಮ್ಯೂನಿಟಿ ಜಾಸ್ತಿಯಾಗಿ ತನ್ನನ್ನೇ ತಿನ್ನುತ್ತೆ ಅಂತೀರಿ, ಯಾವುದು ನಿಜ? ಎರಡೂ ನಿಜ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತೀವಲ್ಲ. ನನ್ನ ಮಗನ ಮೈಯಲ್ಲಿ ಬೇಲಿ ಮುರಿದೂ ಬಿದ್ದಿತ್ತು, ಹೊಲವನ್ನೂ ಮೇಯುತ್ತಿತ್ತು. ರೋಗಾಣು ಒಳಗೆ ಬಂದರೆ ತಡೆಯುವವರಿಲ್ಲ. ಮನೆಯವರ ಮೇಲೆ ಬಿದ್ದರೆ ಬಿಡಿಸುವವರೂ ಇಲ್ಲ.

ರೋಗನಿರೋಧಕ ಶಕ್ತಿ ಅಂದರೆ ಅಳತೆಗೆ ಸಿಗುವ ಒಂದೇ ವಸ್ತು ಅಂತ ನಾವು ಅಂದುಕೊಂಡಿದ್ದೇವೆ. ಬಾವಿಯ ನೀರಿನ ಹಾಗೆ, ಜಾಸ್ತಿ ಇಲ್ಲವೇ ಕಮ್ಮಿ. ಹಾಗಲ್ಲ. ಅದರಲ್ಲಿ ಹೊಡೆಯುವ ಕಣಗಳಿವೆ, ಹೊಡೆಯಬೇಡ ಅಂತ ತಡೆಯುವ ಕಣಗಳೂ ಇವೆ. ತಡೆಯುವ ಆ ಟಿ ಕಣಗಳನ್ನು ಕಂಡುಹಿಡಿದವರಿಗೇ 2025ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. ಪೇಪರಿನಲ್ಲಿ ಒಂದು ದಿನ ಬಂದು ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಆ ಹಾಳೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇವೆ. ಹುಟ್ಟುವಾಗಲೇ ಒಂದು ಜೀನ್ ಕೆಟ್ಟಿದ್ದರೆ ಹೊಡೆಯುವ ಕೆಲಸವೂ ಕೆಡಬಹುದು, ತಡೆಯುವ ಕೆಲಸವೂ ಕೆಡಬಹುದು. ಎಷ್ಟೋ ಸಲ ಎರಡೂ ಒಟ್ಟಿಗೇ ಕೆಡುತ್ತವೆ. ಹೀಗೆ ಹುಟ್ಟಿನಿಂದ ಬರುವ ಇಮ್ಯೂನಿಟಿ ಕೊರತೆಗಳು ಈಗ 500ಕ್ಕೂ ಹೆಚ್ಚು ಗೊತ್ತಾಗಿವೆ.

ಫ್ರಾನ್ಸಿನಲ್ಲಿ ಇಂಥ 2183 ಜನರ ದಾಖಲೆ ನೋಡಿ 2017ರಲ್ಲಿ ಒಂದು ಲೆಕ್ಕ ಹಾಕಿದರು. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ, 26.2 ಶೇಕಡಾ ಜನರಿಗೆ ಮೈ ತನ್ನ ಮೇಲೇ ತಿರುಗಿಬಿದ್ದ ಕಾಯಿಲೆ ಇತ್ತು. ರಕ್ತಕಣ ಒಡೆಯುವ ಕಾಯಿಲೆ ಬರುವ ಸಂಭವ ಉಳಿದವರಿಗಿಂತ 120 ಪಟ್ಟು ಹೆಚ್ಚು. ಮಕ್ಕಳಲ್ಲಿ ಕರುಳಿನ ಉರಿಯೂತ 80 ಪಟ್ಟು. ನನ್ನ ಮಗನಿಗೆ ಎರಡೂ ಬಂದವು. ಅಂದರೆ ಅವನು ಅಪರೂಪದಲ್ಲಿ ಅಪರೂಪ ಅಲ್ಲ. ಆ ಕಾಯಿಲೆಯವರಲ್ಲಿ ಮಾಮೂಲಿ ಹುಡುಗ.

ಕರುಳಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ನಮ್ಮ ಲ್ಯಾಬಿನವರು ಕಲಿಯಬೇಕಾದ ಪಾಠವಿದೆ. 2022ರ ಆರಂಭದಲ್ಲಿ ಭೇದಿ ಶುರುವಾಯಿತು, ನಿಲ್ಲಲೇ ಇಲ್ಲ. ಎಂಟು ವರ್ಷದ ಹುಡುಗ 17 ಕೆಜಿಗೆ ಇಳಿದ. ಗೋಧಿ ಆಗುವುದಿಲ್ಲವೇನೋ, ಸೀಲಿಯಾಕ್ ಇರಬಹುದು ಅಂತ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರು. ನೆಗೆಟಿವ್. ಸದ್ಯ ಅದಿಲ್ಲ ಅಂತ ನಿಟ್ಟುಸಿರು ಬಿಟ್ಟೆವು. ಆ ಟೆಸ್ಟ್ ಹುಡುಕುವುದು ಐಜಿಎ ಅನ್ನುವ ಆ್ಯಂಟಿಬಾಡಿಯನ್ನು. ಮೈಯಲ್ಲಿ ಐಜಿಎ ತಯಾರೇ ಆಗದಿದ್ದರೆ? ಏನಿದ್ದರೂ ನೆಗೆಟಿವ್ವೇ ಬರುತ್ತದೆ. ಖಾಲಿ ಕಣಜದಲ್ಲಿ ಹುಳ ಇಲ್ಲ ಅಂತ ಸಂತೋಷಪಟ್ಟ ಹಾಗೆ. ಆ್ಯಂಟಿಬಾಡಿಯೇ ಇಲ್ಲದವನಿಗೆ ಆ್ಯಂಟಿಬಾಡಿ ಟೆಸ್ಟ್ ಮಾಡಿ ರೋಗ ಇಲ್ಲ ಅನ್ನುವ ಹಾಗಿಲ್ಲ. ಇದನ್ನು ನನಗೆ ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಮಕ್ಕಳ ಇಮ್ಯೂನಾಲಜಿ ಓದಿದ ಒಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಮಗನನ್ನು ಮುಟ್ಟುವ ಮುಂಚೆ, ಹಳೇ ರಿಪೋರ್ಟೆಲ್ಲ ಕೊಡಿ ಅಂದರು. ಟೇಬಲ್ ಮೇಲೆ ತಾರೀಖಿನ ಪ್ರಕಾರ ಹರಡಿದರು. ಒಂದು ಹಾಳೆಯ ಮೇಲೆ ಪೆನ್ನು ನಿಂತಿತು. ಸುತ್ತ ಒಂದು ಗೆರೆ ಎಳೆದರು. ಗ್ಲಾಬ್ಯುಲಿನ್ 1.3. “ಇದನ್ನು ಯಾರಾದರೂ ನೋಡಿದ್ದರಾ?” ಅಂತ ಕೇಳಿದರು. ಹಾಳೆಯ ಬುಡದಲ್ಲಿ ನನ್ನ ಸಹಿ ಇತ್ತು. ನನ್ನದೇ ಸರ್ ಅಂತ ಹೇಳಲು ಬಾಯಿ ಬರಲಿಲ್ಲ. ಹೊರಗೆ ಬಂದ ಮೇಲೆ ಹೆಂಡತಿಗೆ ಹೇಳಿದೆ.

ಅವತ್ತೇ ಐಜಿಜಿ ಮಾಡಿಸಿದರು, ರಕ್ತದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಆ್ಯಂಟಿಬಾಡಿಯ ಅಳತೆ ಅದು. 180 ಬಂತು. ಆ ವಯಸ್ಸಿಗೆ ಕಮ್ಮಿ ಅಂದರೂ 600ರ ಮೇಲಿರಬೇಕು. ಇದು ರಿಟುಕ್ಸಿಮ್ಯಾಬ್‌ನಿಂದ ಆದದ್ದಿರಬಹುದಲ್ಲ, ಸ್ಟೀರಾಯ್ಡಿನಿಂದ ಆದದ್ದಿರಬಹುದಲ್ಲ ಅನ್ನುವ ಪ್ರಶ್ನೆ ಬಂತು. ಎರಡೂ ಆ್ಯಂಟಿಬಾಡಿ ಇಳಿಸುತ್ತವೆ. ಆಗ ಕೈಹಿಡಿದದ್ದು ಅದೇ ಹಾಳೆ. ಅದು ರಿಟುಕ್ಸಿಮ್ಯಾಬ್‌ಗೆ ಮುಂಚಿನದು. ಎರಡನೇ ಸಲದ ಸ್ಟೀರಾಯ್ಡಿಗೂ ಮುಂಚಿನದು. ಈ ಔಷಧಿಗಳು ಮೈಗೆ ಸೇರುವ ಮೊದಲೇ ಕಣಜ ಖಾಲಿ ಇತ್ತು ಅನ್ನುವುದಕ್ಕೆ ನಮ್ಮ ಹತ್ತಿರ ಇದ್ದ ಒಂದೇ ಸಾಕ್ಷಿ ಅದು.

ಗ್ಲಾಬ್ಯುಲಿನ್ ಅಂದರೆ ಏನು ಅಂತ ಎರಡು ಮಾತು. ರಕ್ತದ ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಉಳಿಯುವುದು. ಮೆಷಿನ್ ಅದನ್ನು ಅಳೆಯುವುದೂ ಇಲ್ಲ, ಬರೀ ಕಳೆಯುವ ಲೆಕ್ಕ ಮಾಡುತ್ತದೆ. ಆ ಉಳಿಕೆಯಲ್ಲಿ ದೊಡ್ಡ ಪಾಲು ಆ್ಯಂಟಿಬಾಡಿಗಳದ್ದು. ಆಲ್ಬುಮಿನ್ ಸರಿ ಇದ್ದು ಗ್ಲಾಬ್ಯುಲಿನ್ ಮಾತ್ರ ತೀರಾ ಇಳಿದಿದ್ದರೆ ಆ್ಯಂಟಿಬಾಡಿ ಇದೆಯೋ ಇಲ್ಲವೋ ಅಂತ ನೋಡಲೇಬೇಕು. ಅಷ್ಟಕ್ಕೇ ಕಾಯಿಲೆ ಇದೆ ಅಂತಲ್ಲ. ಬೇರೆ ಕಾರಣಕ್ಕೂ ಇಳಿಯಬಹುದು. ಆದರೆ ಬಾಗಿಲು ತಟ್ಟಿದ ಸದ್ದಂತೂ ಹೌದು.

ಇಮ್ಯೂನಿಟಿ ಕೊರತೆಯ ಈ ಇಡೀ ಶಾಸ್ತ್ರ ಶುರುವಾದದ್ದೇ ಆ ಸಾಲಿನಿಂದ ಅಂತ ಆಮೇಲೆ ಓದಿ ತಿಳಿದೆ. 1952ರಲ್ಲಿ ಅಮೆರಿಕದ ಸೇನಾ ಡಾಕ್ಟರು ಆಗ್ಡನ್ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನಿಗೆ ಯಾಕೆ ಪದೇ ಪದೇ ರಕ್ತಕ್ಕೆ ನಂಜೇರುತ್ತಿದೆ ಅಂತ ಹುಡುಕುತ್ತಿದ್ದರು. ಪ್ರೋಟೀನ್ ಟೆಸ್ಟಿನಲ್ಲಿ ಗಾಮಾ ಗ್ಲಾಬ್ಯುಲಿನ್, ಅಂದರೆ ಆ್ಯಂಟಿಬಾಡಿಗಳ ಪಾಲು, ಇರಬೇಕಾದ ಜಾಗ ಖಾಲಿ ಇತ್ತು. ಅದನ್ನೇ ಬೇರೆಯವರ ರಕ್ತದಿಂದ ತೆಗೆದು ತಿಂಗಳಿಗೊಮ್ಮೆ ಚುಚ್ಚಿದರು. ಹುಡುಗ ಸುಧಾರಿಸಿದ. ಎಪ್ಪತ್ತು ವರ್ಷ ದಾಟಿತು. ಆ ಸಾಲನ್ನು ಈಗ ಪ್ರತಿ ಎಲ್‌ಎಫ್‌ಟಿಯಲ್ಲೂ ಪುಕ್ಕಟೆ ಪ್ರಿಂಟ್ ಮಾಡುತ್ತೇವೆ, ಓದುವುದಿಲ್ಲ.

ಮಗನ ಜೀನ್ ಟೆಸ್ಟಿನಲ್ಲಿ ಎಲ್‌ಆರ್‌ಬಿಎ ಅನ್ನುವ ಜೀನ್ ಕೆಟ್ಟಿದೆ ಅಂತ ಬಂತು. 2012ರಲ್ಲಷ್ಟೇ ಪತ್ತೆಯಾದ ಕಾಯಿಲೆ. ಹೊಡೆಯುವ ಟಿ ಕಣಕ್ಕೆ ಬ್ರೇಕ್ ಹಾಕುವ ಸಿಟಿಎಲ್‌ಎ4 ಅನ್ನುವ ಪ್ರೋಟೀನ್ ಇದೆ. ಕಣದೊಳಗೆ ಅದು ಕಸದ ಬುಟ್ಟಿಗೆ ಹೋಗದ ಹಾಗೆ ಕಾಯುವುದು ಎಲ್‌ಆರ್‌ಬಿಎ ಕೆಲಸ. ಕಾಯುವವನೇ ಇಲ್ಲದಿದ್ದರೆ ಬ್ರೇಕ್ ತಯಾರಾದ ಹಾಗೇ ಕಸಕ್ಕೆ ಹೋಗುತ್ತದೆ. ಇದು ಗೊತ್ತಾದದ್ದರಿಂದ ಔಷಧಿಯೇ ಬದಲಾಯಿತು. ಸಂಧಿವಾತಕ್ಕೆ ಮೊದಲಿನಿಂದ ಬಳಕೆಯಲ್ಲಿರುವ ಅಬಾಟಸೆಪ್ಟ್ ಅನ್ನುವ ಔಷಧಿ ಆ ಬ್ರೇಕಿನ ತದ್ರೂಪು. ಎಲ್‌ಆರ್‌ಬಿಎ ಮಕ್ಕಳಿಗೆ ಅದು ಕೆಲಸ ಮಾಡುತ್ತದೆ ಅಂತ 2015ರಲ್ಲಿ ವರದಿ ಬಂದಿತ್ತು. ನಮ್ಮವನಿಗೆ ಕೊಟ್ಟ ಮೂರನೇ ತಿಂಗಳಿಗೆ ಭೇದಿ ನಿಂತಿತು. ಹೆಸರು ಸರಿಯಾಗಿ ಸಿಕ್ಕಿದರೆ ಔಷಧಿಯೂ ಸರಿಯಾದದ್ದು ಸಿಗುತ್ತದೆ. ಅಲ್ಲಿಯವರೆಗೆ ಇದ್ದಬದ್ದ ಇಮ್ಯೂನಿಟಿಯನ್ನೆಲ್ಲ ತಗ್ಗಿಸುತ್ತಾ ಹೋಗುವುದೊಂದೇ ದಾರಿ.

ಇದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ. ನಾನು ಸೋದರತ್ತೆ ಮಗಳನ್ನೇ ಮದುವೆಯಾದವನು. ನಮ್ಮ ಕಡೆ ಅದೇನು ಹೊಸದಲ್ಲ. ಗೊತ್ತಾದ ದಿನದಿಂದ ನಮ್ಮತ್ತೆಯೂ ನಮ್ಮಪ್ಪನೂ, ಅಂದರೆ ಅಣ್ಣ ತಂಗಿ, ಒಬ್ಬರ ಮುಖ ಒಬ್ಬರು ನೋಡಲು ಹಿಂಜರಿಯುತ್ತಾರೆ. ಅವರನ್ನು ಕೂರಿಸಿಕೊಂಡು ಇದು ಯಾರ ತಪ್ಪೂ ಅಲ್ಲ, ಮುಂದಿನ ಮಗುವಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು ಅಂತ ಕನ್ನಡದಲ್ಲಿ ಹೇಳುವವರು ಜಿಲ್ಲೆಯಲ್ಲಿ ಒಬ್ಬರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಕೊನೆಗೆ ನಾನೇ ಹೇಳಿದೆ. ಮಗ ಹೇಳಿದ್ದು, ಅಳಿಯ ಹೇಳಿದ್ದು ಅವರ ತಲೆಗೆ ಹೋಗುತ್ತದಾ?

ಈಗ ನಿಮ್ಮಿಂದ ಆಗಬೇಕಾದದ್ದು.

ಐಜಿಜಿ, ಐಜಿಎ, ಐಜಿಎಂ. ಈ ಮೂರು ಆ್ಯಂಟಿಬಾಡಿ ಅಳೆಯುವ ಟೆಸ್ಟ್ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಬಿಟ್ಟಿ ಸಿಗಬೇಕು. ಇದು ರಾಕೆಟ್ ವಿದ್ಯೆ ಅಲ್ಲ. ಹೇಳುತ್ತಿರುವವನು ದಿನಾ ಮೆಷಿನ್ ಓಡಿಸುವವನು. ಯಾವ ಮಗುವಿಗೆ ಎರಡು ಜಾತಿಯ ರಕ್ತಕಣ ಒಡೆಯುತ್ತಿದೆಯೋ, ಐಟಿಪಿ ಹೋಗಿ ಮತ್ತೆ ಬರುತ್ತಿದೆಯೋ, ಅದರ ಜೊತೆ ಕಿವಿ, ಎದೆ, ಕರುಳಿನ ತೊಂದರೆ ಇದೆಯೋ, ಆ ಮಗುವಿಗೆ ಈ ಟೆಸ್ಟ್ ಆಗದೆ ರಿಟುಕ್ಸಿಮ್ಯಾಬ್ ಕೊಡಬಾರದು. ಐವಿಐಜಿ ಕೊಡುವ ಮುಂಚೆಯೂ ಐದು ಎಂಎಲ್ ರಕ್ತ ತೆಗೆದಿಡಬೇಕು. ಐವಿಐಜಿ ಅಂದರೆ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ. ಒಮ್ಮೆ ಏರಿಸಿದ ಮೇಲೆ ಟೆಸ್ಟ್ ಮಾಡಿದರೆ ದಾನಿಗಳ ಲೆಕ್ಕ ಬರುತ್ತದೆ, ಮಗುವಿನದಲ್ಲ. ತುರ್ತಿದ್ದರೆ ಚಿಕಿತ್ಸೆ ನಿಲ್ಲಿಸಿ ಕಾಯಿರಿ ಅನ್ನುತ್ತಿಲ್ಲ. ಟ್ಯೂಬ್ ಒಂದನ್ನು ಪಕ್ಕಕ್ಕಿಡಿ ಅಷ್ಟೇ. ಇದನ್ನು ನಿಮ್ಮ ಇಲಾಖೆ ಒಂದು ಸುತ್ತೋಲೆಯಲ್ಲಿ ಹೇಳಬಹುದು.

ಇನ್ನೊಂದು, ಹೆಸರಿನ ತಾಪತ್ರಯ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಹುಟ್ಟಿನಿಂದ ಬರುವ ಇಮ್ಯೂನಿಟಿ ಕೊರತೆಗೆ ಐವಿಐಜಿ ಕೊಡುವುದು ಎರಡನೇ ಗುಂಪಿನಲ್ಲಿದೆ, ಅಂದರೆ ದೀರ್ಘಕಾಲ ಚಿಕಿತ್ಸೆ ಬೇಕಾದ ಕಾಯಿಲೆಗಳ ಗುಂಪಿನಲ್ಲಿ. 2022ರಿಂದ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ. ಅದಕ್ಕೆ ಹೆಸರಿಸಿದ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ. ಕೇಳಲು ಸೊಗಸಾಗಿದೆ. ಆದರೆ ಮಗುವಿನ ಫೈಲಿನ ಮೇಲೆ ‘ಐಟಿಪಿ’ ಅಂತಲೋ ‘ಇವಾನ್ಸ್’ ಅಂತಲೋ ಬರೆದಿರುವವರೆಗೆ ಆ ಬಾಗಿಲ ಹತ್ತಿರ ಹೋಗುವುದಾದರೂ ಹೇಗೆ? ಮೂರು ವರ್ಷ ನಾವು ರಕ್ತದ ಕಾಯಿಲೆಯವರಾಗಿಯೇ ಓಡಾಡಿದೆವು. ನೀತಿ ಇತ್ತು, ಬೇಕಾದ ಹೆಸರು ನಮ್ಮ ಹತ್ತಿರ ಇರಲಿಲ್ಲ.

ಆಮೇಲೆ ಆ ಬಾಟಲಿ. ಐವಿಐಜಿ ಅವನಿಗೆ ಜೀವನಪೂರ್ತಿ ಬೇಕಾಗಬಹುದು, ಮೂರ್ನಾಲ್ಕು ವಾರಕ್ಕೊಮ್ಮೆ. ಬೋನ್ ಮ್ಯಾರೋ ಕಸಿ ಆದರೆ ಬೇರೆ ಮಾತು. ತಂಗಿಯದು ಹೊಂದಲಿಲ್ಲ. 5 ಗ್ರಾಂ ಬಾಟಲಿಗೆ ಒಂದು ತಿಂಗಳು 9 ಸಾವಿರ ಕೊಟ್ಟಿದ್ದೇನೆ, ಸರಬರಾಜು ಇಲ್ಲದ ತಿಂಗಳು 14 ಸಾವಿರ ಕೊಟ್ಟಿದ್ದೇನೆ. ಅವನಿಗೆ ಒಂದು ಸಲಕ್ಕೆ ಎರಡು ಬಾಟಲಿ ಬೇಕು. ಬೆಳಗಿನ ಜಾವದ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತೇವೆ. ಬಾಟಲಿಯನ್ನು ಕುಲುಕಬಾರದು, ನೊರೆ ಬರುತ್ತದೆ. ಮೊದಲರ್ಧ ಗಂಟೆ ಹನಿ ಹನಿಯಾಗಿ ಬಿಡಬೇಕು, ಚಳಿ ಬರುತ್ತದಾ ಅಂತ ನೋಡುತ್ತಾ. ನಾಲ್ಕೈದು ಗಂಟೆ ಹಿಡಿಯುತ್ತದೆ. ರಾತ್ರಿ ಹತ್ತಕ್ಕೆ ಮನೆ. ಹುಡುಗನಿಗೆ ಒಂದು ದಿನ ಸ್ಕೂಲು ಹೋಯಿತು, ನನಗೆ ಒಂದು ದಿನದ ಸಂಬಳ. ಈ ಬಾಟಲಿಯಲ್ಲಿರುವ ಔಷಧಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಇದನ್ನು ಏರಿಸುವುದಕ್ಕೆ ಬೇಕಾದದ್ದು ಒಂದು ಹಾಸಿಗೆ, ಒಂದು ಫ್ರಿಜ್, ಕಣ್ಣಿಟ್ಟು ನೋಡುವ ಒಬ್ಬ ಸಿಸ್ಟರ್. ಜಿಲ್ಲಾ ಆಸ್ಪತ್ರೆಯಲ್ಲಿ ಇವೆಲ್ಲ ಇವೆ, ಬಾಟಲಿ ಒಂದು ಬಿಟ್ಟು.

ಸಣ್ಣದೊಂದು ಮಾತು, ಮರೆಯುವ ಮುಂಚೆ. ಪೋಲಿಯೋ ಭಾನುವಾರ ಆಶಾ ಅಕ್ಕ ಮನೆಗೆ ಬಂದಾಗ ಪ್ರತಿ ಸಲ ಜಗಳ. ಆ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ. ಆ್ಯಂಟಿಬಾಡಿ ಇಲ್ಲದವನಿರುವ ಮನೆಯಲ್ಲಿ ತಂಗಿಗೂ ಹಾಕಬಾರದು, ಅವಳಿಗೆ ಚುಚ್ಚುಮದ್ದೇ ಸರಿ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ಆಶಾ ಅಕ್ಕನ ತಪ್ಪಿಲ್ಲ, ಬೆರಳಿಗೆ ಮಸಿ ಹಾಕದೆ ಹೋದರೆ ಅವರಿಗೆ ಮೇಲಿನವರು ಕೇಳುತ್ತಾರೆ. ಅವರ ಪುಸ್ತಕದಲ್ಲಿ ಇಂಥ ಮನೆಗೊಂದು ಕಾಲಂ ಇದ್ದರೆ ಸಾಕು.

ಮಗನಿಗೆ ಈಗ ಹನ್ನೊಂದು ತುಂಬಿದೆ. 29 ಕೆಜಿ. ಕಬಡ್ಡಿ ಆಡಬೇಡ ಅಂದರೂ ಆಡುತ್ತಾನೆ. ಎಡಗಿವಿ ಸ್ವಲ್ಪ ಮಂದ, ಅದು ಇನ್ನು ವಾಪಸ್ ಬರುವುದಿಲ್ಲವಂತೆ.

ನಾನು ಈಗ ಎಲ್‌ಎಫ್‌ಟಿ ಪ್ರಿಂಟ್ ತೆಗೆದ ಕೂಡಲೇ ಬಿಲಿರುಬಿನ್ ನೋಡುವುದಿಲ್ಲ. ಕೆಳಗಿನ ಸಾಲಿಗೆ ಹೋಗುತ್ತೇನೆ. ಹೋದ ಮಂಗಳವಾರ ಒಂದು 1.5 ಬಂತು. ಏಳು ವರ್ಷದ ಹುಡುಗಿ, ಆಲ್ಬುಮಿನ್ ಸರಿಯಾಗಿಯೇ ಇತ್ತು, ಪ್ಲೇಟ್‌ಲೆಟ್ 22 ಸಾವಿರ. ಎರಡನೇ ಸಲ ಹೀಗಾಗಿರುವುದು ಅಂತ ಅವರಮ್ಮ ಹೇಳಿದರು. ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇಸರಪಡಲಿಲ್ಲ, ಒಳ್ಳೆಯ ಡಾಕ್ಟರು. “ಐಜಿಜಿ ಮಾಡಿಸೋಣ. ಇಲ್ಲಿ ಎಲ್ಲಿ ಮಾಡ್ತಾರೆ?” ಅಂತ ಕೇಳಿದರು. ಬೆಂಗಳೂರಿಗೆ ಕಳಿಸಬೇಕು ಸರ್, ರಿಪೋರ್ಟ್ ಬರೋಕೆ ನಾಲ್ಕು ದಿನ ಆಗುತ್ತೆ, ದುಡ್ಡು ಅವರೇ ಕೊಡಬೇಕು ಅಂದೆ. ಅವರಮ್ಮ ಕೌಂಟರ್ ಹತ್ತಿರ ನಿಂತು ಎಷ್ಟಾಗುತ್ತೆ ಅಣ್ಣಾ ಅಂತ ಕೇಳುತ್ತಿದ್ದರು.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಹಾಸನ ಜಿಲ್ಲೆ